ನಾಲಿಗೆ ಕೆಳಗಿನ ‘ಹೃದಯದ ಗುಳಿಗಿ’: ಎದೆನೋವು ಅಂದ ಯಾರಿಗಾದರೂ ಕೊಡಬಹುದೇ?

“ಹೃದಯಾಘಾತದಿಂದ ಜೀವ ಉಳಿಸುವ ಗುಳಿಗಿ, ಬೆಲೆ ಕೆಲವೇ ರೂಪಾಯಿ. ಎಲ್ಲರೂ ಜೇಬಿನಲ್ಲಿ ಇಟ್ಟುಕೊಳ್ಳಿ. ಯಾರಿಗಾದರೂ ಎದೆ ನೋವು ಅಂದರೆ ತಕ್ಷಣ ನಾಲಿಗೆ ಕೆಳಗೆ ಇಡಿ. ಹತ್ತು ಜನರಿಗೆ ಕಳಿಸಿ, ಒಂದು ಜೀವ ಉಳಿಸಿದ ಪುಣ್ಯ ಬರುತ್ತದೆ.”

ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಜೊತೆಗೆ ಮಾತ್ರೆಯ ಪಟ್ಟಿಯ ಫೋಟೋ ಇರುತ್ತದೆ. ಕೆಲವು ಸಂದೇಶಗಳಲ್ಲಿ ಮೂರು ಮಾತ್ರೆಗಳ ‘ಕಿಟ್’ ಇರುತ್ತದೆ: ರಕ್ತ ತೆಳುವಾಗಿಸುವ ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಒಂದು ಮಾತ್ರೆ ಮತ್ತು ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬಂದಾಗ ಜನ ಹೆದರಿ, ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆಂದು ಸಾಲುಗಟ್ಟಿ ನಿಂತಿದ್ದು ನೆನಪಿರಬಹುದು. ಹೆದರಿಕೆ ಹೆಚ್ಚಿದ ಕಡೆ ಇಂಥ ಸಂದೇಶಗಳೂ ಬೇಗ ಹರಡುತ್ತವೆ.

ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಸಂದೇಶದಲ್ಲಿ ಅರ್ಧ ಮಾತ್ರ ಸರಿ ಇದೆ. ಉಳಿದ ಅರ್ಧ ಜೀವಕ್ಕೆ ಕುತ್ತು ತರಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲೂಕುಗಳಲ್ಲಿ, ದೊಡ್ಡ ಆಸ್ಪತ್ರೆ ದೂರವಿರುವ ಕಡೆ, ಜನ ಇಂಥ ಗುಳಿಗಿಯನ್ನು ಹೆಚ್ಚು ನಂಬುವುದು ಸಹಜ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಚುಟುಕಾಗಿ ಉತ್ತರ

ವೈದ್ಯರು ಈ ಮಾತ್ರೆಯನ್ನು ಯಾರಿಗೆ ಬರೆದುಕೊಟ್ಟಿದ್ದಾರೋ ಅವರಿಗೆ ಇದು ಒಳ್ಳೆಯ ಔಷಧ. ಬರೆದುಕೊಡದವರಿಗೆ, ಬಿಪಿ ನೋಡದೆ, ಇಸಿಜಿ ಮಾಡದೆ ಕೊಟ್ಟರೆ ಬಿಪಿ ದಿಢೀರನೆ ಕುಸಿದು ಪ್ರಾಣಾಪಾಯ ಆಗಬಹುದು. ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡ ಗಡ್ಡೆಯನ್ನು ಈ ಮಾತ್ರೆ ಕರಗಿಸುವುದಿಲ್ಲ. ಎದೆನೋವು ಬಂದಾಗ ಮೊದಲು ಮಾಡಬೇಕಾದ ಕೆಲಸ 108ಕ್ಕೆ ಕರೆ ಮಾಡುವುದು.

ಈ ಗುಳಿಗಿ ಅಸಲಿಗೆ ಏನು?

ನೈಟ್ರೇಟ್ ಎಂಬ ಗುಂಪಿನ ಔಷಧಗಳಿವು. ನಮ್ಮ ಔಷಧ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಮೂರು ಬಗೆ. ಒಂದು, ಐಸೊಸಾರ್ಬೈಡ್ ಡೈನೈಟ್ರೇಟ್. ಇದನ್ನೇ ಜನ ಸಾರ್ಬಿಟ್ರೇಟ್ ಎಂಬ ಬ್ರ್ಯಾಂಡ್ ಹೆಸರಿನಿಂದ ಕರೆಯುತ್ತಾರೆ. ಎರಡು, ನೈಟ್ರೋಗ್ಲಿಸರಿನ್, ಮಾತ್ರೆಯಾಗಿ ಅಥವಾ ನಾಲಿಗೆ ಕೆಳಗೆ ಹೊಡೆಯುವ ಸ್ಪ್ರೇ ಆಗಿ ಸಿಗುತ್ತದೆ. ಮೂರು, ಐಸೊಸಾರ್ಬೈಡ್ ಮೊನೊನೈಟ್ರೇಟ್. ಇದು ದಿನವೂ ನುಂಗುವ ಮಾತ್ರೆ.

ನೈಟ್ರೋಗ್ಲಿಸರಿನ್ ಅಂದರೆ ಡೈನಮೈಟ್‌ನಲ್ಲಿ ಇರುವ ವಸ್ತುವೇ. 1847ರಲ್ಲಿ ಇಟಲಿಯ ಟ್ಯುರಿನ್‌ನಲ್ಲಿ ಅಸ್ಕಾನಿಯೊ ಸೊಬ್ರೆರೊ ಎಂಬ ರಸಾಯನ ವಿಜ್ಞಾನಿ ಇದನ್ನು ಮೊದಲ ಬಾರಿ ತಯಾರಿಸಿದರು. ಒಂದಿಷ್ಟು ನಾಲಿಗೆಗೆ ಹಚ್ಚಿಕೊಂಡು ನೋಡಿದಾಗ ತಲೆ ಸಿಡಿದುಹೋಗುವಂಥ ನೋವು ಬಂತು. ಆ ತಲೆನೋವು ಇವತ್ತಿಗೂ ಈ ಔಷಧದ ಮೊದಲ ಅಡ್ಡಪರಿಣಾಮ. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಇದನ್ನು ಎದೆನೋವಿನ ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್‌ಗೂ ಕೊನೆಗಾಲದಲ್ಲಿ ವೈದ್ಯರು ಹೃದಯದ ತೊಂದರೆಗೆ ಬರೆದುಕೊಟ್ಟಿದ್ದು ಇದನ್ನೇ. ಹಾಗಂತ ಮಾತ್ರೆ ಸಿಡಿಯುತ್ತದೆ ಎಂದು ಹೆದರಬೇಕಿಲ್ಲ. ಮಾತ್ರೆಯಲ್ಲಿ ಇರುವುದು ಒಂದು ಮಿಲಿಗ್ರಾಂಗಿಂತಲೂ ಕಡಿಮೆ, ಅದೂ ಬೇರೆ ಪುಡಿಯಲ್ಲಿ ಬೆರೆತಿರುತ್ತದೆ.

ಇದು ಮಾಡುವ ಕೆಲಸ ಏನೆಂದರೆ, ದೇಹದೊಳಗೆ ಹೋಗಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತದೆ. ಆ ಅನಿಲ ರಕ್ತನಾಳಗಳ ಗೋಡೆಯನ್ನು ಸಡಿಲಿಸುತ್ತದೆ. ನಾಳಗಳು ಹಿಗ್ಗುತ್ತವೆ, ಅದರಲ್ಲೂ ಹೃದಯಕ್ಕೆ ರಕ್ತ ವಾಪಸ್ ತರುವ ನಾಳಗಳು ಹೆಚ್ಚು ಹಿಗ್ಗುತ್ತವೆ. ಹೊಲದ ಕಾಲುವೆಯನ್ನು ಅಗಲ ಮಾಡಿದರೆ ನೀರು ಅಲ್ಲೇ ಹರಡಿಕೊಂಡು ಮುಂದೆ ಹೋಗುವ ರಭಸ ತಗ್ಗುತ್ತದಲ್ಲ, ಹಾಗೆ. ಹೃದಯಕ್ಕೆ ಬರುವ ರಕ್ತ ಕಡಿಮೆಯಾಗಿ ಅದರ ಹೊರೆ ಇಳಿಯುತ್ತದೆ, ನೋವು ತಗ್ಗುತ್ತದೆ. ಈ ಗುಟ್ಟನ್ನು ಬಿಡಿಸಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿಯೇ ಬಂತು.

ಹಾಗಾದರೆ ಇದು ಹೃದಯಾಘಾತ ನಿಲ್ಲಿಸುವುದಿಲ್ಲವೇ?

ಇಲ್ಲ. ಎರಡು ಬೇರೆ ಬೇರೆ ತೊಂದರೆಗಳನ್ನು ಫಾರ್ವರ್ಡ್ ಒಂದೇ ಮಾಡಿಬಿಡುತ್ತದೆ.

ಮೊದಲನೆಯದು ಆಂಜೈನಾ. ಹೃದಯದ ನಾಳ ಸಣ್ಣದಾಗಿರುತ್ತದೆ. ಮೆಟ್ಟಿಲು ಹತ್ತಿದಾಗ, ಭಾರ ಎತ್ತಿದಾಗ ಎದೆ ಒತ್ತಿದಂತಾಗಿ ಕೂತರೆ ಕಡಿಮೆಯಾಗುತ್ತದೆ. ಇಲ್ಲಿ ನೈಟ್ರೇಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನೆಯದು ಹೃದಯಾಘಾತ. ಇಲ್ಲಿ ಸಾಮಾನ್ಯವಾಗಿ ನಾಳದೊಳಗೆ ರಕ್ತದ ಗಡ್ಡೆ ಕೂತು ದಾರಿ ಮುಚ್ಚಿರುತ್ತದೆ. ಆ ಗಡ್ಡೆಯನ್ನು ಕರಗಿಸಬೇಕು ಇಲ್ಲವೇ ಆಂಜಿಯೊಪ್ಲಾಸ್ಟಿ ಮಾಡಿ ದಾರಿ ಬಿಡಿಸಬೇಕು. ನೈಟ್ರೇಟ್‌ಗೆ ಈ ಎರಡೂ ಆಗದು.

ಇದು ಬರೀ ತರ್ಕ ಅಲ್ಲ, ಪರೀಕ್ಷಿಸಿ ನೋಡಿದ ವಿಷಯ. ಹೃದಯಾಘಾತದ ಅನುಮಾನವಿದ್ದ 58,050 ರೋಗಿಗಳ ಮೇಲೆ ನಡೆದ ‘ಐಸಿಸ್-4’ ಎಂಬ ಅಧ್ಯಯನದ ಫಲಿತಾಂಶ 1995ರಲ್ಲಿ ಬಂತು. ನುಂಗುವ ನೈಟ್ರೇಟ್ ಪಡೆದವರಲ್ಲಿ ಐದು ವಾರಗಳಲ್ಲಿ ಸತ್ತವರ ಪ್ರಮಾಣ ಸುಮಾರು ಶೇ. 7.3, ಪಡೆಯದವರಲ್ಲಿ ಸುಮಾರು ಶೇ. 7.5. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಅದಕ್ಕೂ ಮುಂಚೆ 1988ರಲ್ಲಿ ಬಂದ ‘ಐಸಿಸ್-2’ ಅಧ್ಯಯನದಲ್ಲಿ, 17,187 ರೋಗಿಗಳಲ್ಲಿ, ಆಸ್ಪಿರಿನ್ ಪಡೆದವರ ಪೈಕಿ ಹೃದಯ ಮತ್ತು ರಕ್ತನಾಳದ ಕಾರಣದ ಸಾವು ಶೇ. 11.8ರಿಂದ ಶೇ. 9.4ಕ್ಕೆ ಇಳಿದಿತ್ತು. ಮೂರು ಮಾತ್ರೆಗಳ ಕಿಟ್‌ನಲ್ಲಿ ಹೃದಯಾಘಾತದ ಹೊತ್ತಿಗೆ ಜೀವ ಉಳಿಸುತ್ತದೆ ಎಂದು ಇಂಥ ದೊಡ್ಡ ಪರೀಕ್ಷೆಯಲ್ಲಿ ಗೆದ್ದದ್ದು ಆಸ್ಪಿರಿನ್. ಆದರೆ ಅದೂ ಎಲ್ಲರಿಗೂ ಅಲ್ಲ: ಹೊಟ್ಟೆಯ ಹುಣ್ಣು, ರಕ್ತಸ್ರಾವ, ಆಸ್ಪಿರಿನ್ ಅಲರ್ಜಿ ಇದ್ದವರಿಗೆ ಅಪಾಯ. ಹಾಗಾಗಿ ವೈದ್ಯರು ಅಥವಾ 108ರವರು ಹೇಳಿದ ಮೇಲೆಯೇ ಅದನ್ನು ಅಗಿಯಬೇಕು.

“ಗುಳಿಗಿ ಇಟ್ಟ ಮೇಲೆ ನೋವು ಹೋಯ್ತು, ಇನ್ನೇನೂ ಇಲ್ಲ ಬಿಡ್ರಿ”

ಈ ಮಾತು ಫಾರ್ವರ್ಡ್‌ಗಿಂತಲೂ ಹೆಚ್ಚು ಅಪಾಯಕಾರಿ. ಮಾತ್ರೆಯಿಂದ ನೋವು ಕಡಿಮೆಯಾದರೆ ‘ಹೃದಯದ್ದೇ’ ಎಂದೂ, ಕಡಿಮೆಯಾಗದಿದ್ದರೆ ‘ಗ್ಯಾಸ್’ ಎಂದೂ ಹೇಳುವವರಿದ್ದಾರೆ. ಕೆಲವರು ಇದನ್ನೇ ತಿರುಗಿಸಿ ಹೇಳುತ್ತಾರೆ. ಎರಡೂ ತಪ್ಪು.

ಅನ್ನನಾಳ ಬಿಗಿಹಿಡಿದು ಬರುವ ನೋವೂ ನೈಟ್ರೇಟ್‌ನಿಂದ ತಗ್ಗಬಹುದು, ಏಕೆಂದರೆ ಅನ್ನನಾಳದ ಸ್ನಾಯುವನ್ನೂ ಅದು ಸಡಿಲಿಸುತ್ತದೆ. ಎದೆನೋವೆಂದು ಅಮೆರಿಕದಲ್ಲಿ ಆಸ್ಪತ್ರೆಗೆ ಬಂದ 459 ಜನರ ಮೇಲಿನ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ನೋವಿಗೆ ಹೃದಯದ ನಾಳದ ತೊಂದರೆಯೇ ಕಾರಣವಾಗಿದ್ದವರಲ್ಲಿ ಶೇ. 35 ಜನರಿಗೆ ನೈಟ್ರೋಗ್ಲಿಸರಿನ್‌ನಿಂದ ನೋವು ಇಳಿಯಿತು. ಹೃದಯದ ತೊಂದರೆ ಇಲ್ಲದವರಲ್ಲಿ ಶೇ. 41 ಜನರಿಗೆ ಇಳಿಯಿತು! ಅಂದಮೇಲೆ ಈ ಮಾತ್ರೆ ರೋಗ ಪತ್ತೆಹಚ್ಚುವ ಸಾಧನ ಅಲ್ಲವೇ ಅಲ್ಲ. ಅದಕ್ಕೆ ಇಸಿಜಿ ಮತ್ತು ರಕ್ತಪರೀಕ್ಷೆ ಬೇಕು.

ಅಡ್ಡಪರಿಣಾಮಗಳು: ಯಾವುದು ಸಾಮಾನ್ಯ, ಯಾವುದು ಅಪಾಯ?

ಈ ಮಾತ್ರೆಯ ಒಳ್ಳೆಯದೂ ಕೆಟ್ಟದ್ದೂ ಒಂದೇ ಕಾರಣದಿಂದ ಬರುತ್ತವೆ. ನಾಳ ಹಿಗ್ಗುವುದು ಹೃದಯದಲ್ಲಿ ಮಾತ್ರ ಅಲ್ಲ, ಇಡೀ ಮೈಯಲ್ಲಿ.

ತಲೆನೋವು, ಮುಖ ಬಿಸಿಯಾಗಿ ಕೆಂಪಾಗುವುದು, ಎದೆ ಡವಡವ ಎನ್ನುವುದು ಸಾಮಾನ್ಯ. ದಿನವೂ ತೆಗೆದುಕೊಳ್ಳುವವರಿಗೆ ಕೆಲ ದಿನಗಳಲ್ಲಿ ತಲೆನೋವು ತಗ್ಗುತ್ತದೆ. ತಲೆನೋವು ಬಂತೆಂದು ಹೇಳದೆ ಕೇಳದೆ ಮಾತ್ರೆ ಬಿಡಬೇಡಿ. ದಿನವೂ ತೆಗೆದುಕೊಳ್ಳುತ್ತಿದ್ದವರು ಏಕಾಏಕಿ ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು. ವೈದ್ಯರಿಗೆ ಹೇಳಿದರೆ ಪ್ರಮಾಣ ಬದಲಿಸಿ ಕೊಡುತ್ತಾರೆ.

ಚಕ್ಕರ್ ಬರುವುದು, ಕಣ್ಣು ಕತ್ತಲಿಡುವುದು, ಎದ್ದು ನಿಂತಾಗ ಕುಸಿದು ಬೀಳುವುದು ಬಿಪಿ ಇಳಿದ ಗುರುತು. ವಯಸ್ಸಾದವರು ಹೀಗೆ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದುಂಟು. ಇಂಥ ಹೊತ್ತಲ್ಲಿ ಅವರನ್ನು ಅಂಗಾತ ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕೆ ಇಟ್ಟು, 108ಕ್ಕೆ ಕರೆ ಮಾಡಿ. ಇನ್ನೊಂದು ಮಾತ್ರೆ ಮಾತ್ರ ಇಡಬೇಡಿ.

ನಮ್ಮ ಭಾಗದವರು ಇನ್ನೊಂದು ಮಾತು ಗಮನಿಸಬೇಕು. ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್–ಮೇ ಬಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ದುಡಿದು ಬೆವರಿ ಮೈಯಲ್ಲಿ ನೀರು ಕಡಿಮೆಯಾದವರ ಬಿಪಿ ಮೊದಲೇ ಇಳಿದಿರಬಹುದು. ಅಂಥವರು ಎದೆ ಹಿಡಿದುಕೊಂಡು ಕೂತರು ಎಂದು ಪಕ್ಕದವರ ಜೇಬಿನ ಸಾರ್ಬಿಟ್ರೇಟ್ ಇಟ್ಟರೆ, ಬಿಪಿ ಇನ್ನೂ ಕೆಳಗೆ ಹೋಗಿ ಪ್ರಜ್ಞೆ ತಪ್ಪಬಹುದು. ವಾಂತಿ–ಭೇದಿ ಆದವರು, ಉಪವಾಸ ಇದ್ದವರು, ಮದ್ಯ ಕುಡಿದವರ ವಿಷಯದಲ್ಲೂ ಹೀಗೆಯೇ.

ಯಾರಿಗೆ ಕೊಡಲೇಬಾರದು?

• ಬಿಪಿ ಕಡಿಮೆ ಇರುವವರಿಗೆ. ಮೇಲಿನ ಅಂಕಿ 90ಕ್ಕಿಂತ ಕೆಳಗಿದ್ದರೆ ಕೊಡಬಾರದು. ಬಿಪಿ ನೋಡುವ ಮೆಷಿನ್ ಇಲ್ಲದೆ ಇದು ಗೊತ್ತಾಗುವ ಮಾತಲ್ಲ.

• ಹೃದಯದ ಬಲಭಾಗಕ್ಕೆ ತಟ್ಟಿದ ಆಘಾತದಲ್ಲಿ. ಈ ಬಗೆಯ ಹೃದಯಾಘಾತದಲ್ಲಿ ಹೃದಯಕ್ಕೆ ವಾಪಸ್ ಬರುವ ರಕ್ತವೇ ಆಧಾರ. ನೈಟ್ರೇಟ್ ಅದನ್ನೇ ಕಡಿಮೆ ಮಾಡುವುದರಿಂದ ರೋಗಿ ಕುಸಿಯಬಹುದು. ಇದು ಹೊರಗಿನಿಂದ ನೋಡಿದರೆ ತಿಳಿಯದು, ಇಸಿಜಿಯಲ್ಲೇ ಕಾಣಬೇಕು.

• ಲೈಂಗಿಕ ಶಕ್ತಿಯ ಮಾತ್ರೆ ತೆಗೆದುಕೊಂಡವರಿಗೆ. ವಯಾಗ್ರಾದಲ್ಲಿರುವ ಸಿಲ್ಡೆನಾಫಿಲ್ ತೆಗೆದುಕೊಂಡಿದ್ದರೆ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಮುಟ್ಟಬಾರದು. ಎರಡೂ ನೈಟ್ರಿಕ್ ಆಕ್ಸೈಡ್‌ನ ದಾರಿಯಲ್ಲೇ ಕೆಲಸ ಮಾಡುವುದರಿಂದ, ಕೂಡಿದರೆ ಬಿಪಿ ಪಾತಾಳಕ್ಕೆ ಇಳಿದು ಸಾವೂ ಸಂಭವಿಸಬಹುದು. ಶ್ವಾಸಕೋಶದ ರಕ್ತದೊತ್ತಡಕ್ಕೂ ಇವೇ ಔಷಧ ಕೊಡುವುದರಿಂದ ಹೆಂಗಸರೂ ತೆಗೆದುಕೊಳ್ಳುತ್ತಿರಬಹುದು.

• ಹೃದಯದ ಕವಾಟ ತೀರಾ ಕಿರಿದಾದವರಿಗೆ, ಹೃದಯದ ಸ್ನಾಯು ದಪ್ಪವಾಗಿ ರಕ್ತದ ದಾರಿಗೆ ಅಡ್ಡ ಬಂದವರಿಗೆ. ಇವರಿಗೆ ತಜ್ಞ ವೈದ್ಯರೇ ನಿರ್ಧರಿಸಬೇಕು.

ಮೂರನೆಯದರ ಬಗ್ಗೆ ಇನ್ನೊಂದು ಮಾತು. ‘ತಾಕತ್ತಿನ ಗುಳಿಗಿ’ ಎಂದು ಚೀಟಿ ಇಲ್ಲದೆ ಮಾರುವ, ‘ಗಿಡಮೂಲಿಕೆ’ ಎಂದು ಬರೆದಿರುವ ಪುಡಿ, ಮಾತ್ರೆಗಳಲ್ಲಿ ಸಿಲ್ಡೆನಾಫಿಲ್ ಗುಟ್ಟಾಗಿ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಮತ್ತೆ ಪತ್ತೆಹಚ್ಚಿದೆ. ತಿಂದವರಿಗೇ ತಾವು ಏನು ತಿಂದಿದ್ದೇವೆ ಎಂದು ತಿಳಿದಿರುವುದಿಲ್ಲ. ತಿಳಿದಿದ್ದರೂ ಹೆಂಡತಿ, ಮಕ್ಕಳ ಮುಂದೆ ಹೇಳಲು ನಾಚಿಕೆ. ಎದೆನೋವಿನಿಂದ ಆಸ್ಪತ್ರೆಗೆ ಹೋದಾಗ ವೈದ್ಯರು ಈ ಪ್ರಶ್ನೆ ಕೇಳಿದರೆ ಮುಚ್ಚಿಡಬೇಡಿ. ಮನೆಯವರನ್ನು ಸ್ವಲ್ಪ ಹೊರಗೆ ನಿಲ್ಲಲು ಹೇಳಿ, ವೈದ್ಯರಿಗೆ ಮಾತ್ರ ಹೇಳಿ.

ವೈದ್ಯರು ಬರೆದುಕೊಟ್ಟಿದ್ದರೆ ಬಳಸುವುದು ಹೇಗೆ?

1. ಮೊದಲು ಕೂತುಕೊಳ್ಳಿ. ನಿಂತಿದ್ದಾಗ, ಗಾಡಿ ಓಡಿಸುವಾಗ ಬೇಡ. ಗಾಡಿ ನಿಲ್ಲಿಸಿ ನೆರಳಲ್ಲಿ ಕೂತು ತೆಗೆದುಕೊಳ್ಳಿ.

2. ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟು ಕರಗಲು ಬಿಡಿ. ನೀರಿನ ಜೊತೆ ನುಂಗಿದರೆ ಅದು ಹೊಟ್ಟೆ, ಯಕೃತ್ತು ಸುತ್ತಿ ಬರುವಷ್ಟರಲ್ಲಿ ಶಕ್ತಿಯೂ ಕುಂದುತ್ತದೆ, ಹೊತ್ತೂ ಹೋಗುತ್ತದೆ. ಬಾಯಿ ತೀರಾ ಒಣಗಿದ್ದರೆ ಮೊದಲು ಒಂದು ಗುಟುಕು ನೀರಿನಿಂದ ಒದ್ದೆ ಮಾಡಿಕೊಳ್ಳಿ.

3. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ, ಅಥವಾ ಹೆಚ್ಚಾದರೆ, ಕೂಡಲೇ 108. ಇನ್ನಷ್ಟು ಹೊತ್ತು ನೋಡೋಣ ಎನ್ನಬೇಡಿ.

4. ಎರಡನೇ, ಮೂರನೇ ಮಾತ್ರೆ ವೈದ್ಯರು ನಿಮಗೆ ಮೊದಲೇ ಹೇಳಿದ್ದರೆ ಮಾತ್ರ, ಅದೂ ಐದೈದು ನಿಮಿಷ ಬಿಟ್ಟು. ಮೂರಕ್ಕಿಂತ ಹೆಚ್ಚು ಬೇಡ.

5. ನೋವು ಹೋದ ಮೇಲೂ ದಿಢೀರನೆ ಏಳಬೇಡಿ.

ದಿನವೂ ನುಂಗುವ ಮೊನೊನೈಟ್ರೇಟ್ ಇದ್ದಕ್ಕಿದ್ದಂತೆ ಬಂದ ನೋವಿಗೆ ಅಲ್ಲ. ಮನೆಯಲ್ಲಿ ಎರಡೂ ಬಗೆ ಇದ್ದರೆ ಡಬ್ಬಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿಡಿ: ‘ದಿನಾ ನುಂಗುವುದು’, ‘ನೋವು ಬಂದಾಗ ನಾಲಿಗೆ ಕೆಳಗೆ’.

ಚೀಟಿಯಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಇದ್ದರೆ, ‘ಬೆಳಿಗ್ಗೆ–ರಾತ್ರಿ ಮಾಡಿದರೆ ಸಮ ಆಗುತ್ತದೆ’ ಎಂದು ನೀವೇ ಬದಲಿಸಬೇಡಿ. ಇದರ ಹಿಂದೆ ಒಂದು ಕಾರಣ ಇದೆ. ಹಿಂದೆ ಡೈನಮೈಟ್ ಕಾರ್ಖಾನೆಯ ಕಾರ್ಮಿಕರಿಗೆ ಸೋಮವಾರ ವಿಪರೀತ ತಲೆನೋವು ಬರುತ್ತಿತ್ತು. ವಾರ ಕಳೆದಂತೆ ಮೈ ಒಗ್ಗಿಕೊಂಡು ಕಡಿಮೆಯಾಗುತ್ತಿತ್ತು. ಭಾನುವಾರದ ರಜೆ ಮುಗಿಸಿ ಬಂದರೆ ಮತ್ತೆ ಶುರು. ಅಂದರೆ ನೈಟ್ರೇಟ್ ಸತತವಾಗಿ ಇದ್ದರೆ ದೇಹ ಅದಕ್ಕೆ ಒಗ್ಗಿಹೋಗಿ ಔಷಧ ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ಅದಕ್ಕೇ ದಿನಕ್ಕೆ 10–12 ಗಂಟೆ ಔಷಧಕ್ಕೆ ಬಿಡುವು ಸಿಗುವಂತೆ ವೈದ್ಯರು ಹೊತ್ತು ಗೊತ್ತುಮಾಡಿರುತ್ತಾರೆ.

ಎಲ್ಲಿ ಇಡಬೇಕು?

ಅಂಗಿಯ ಜೇಬು, ಬೈಕಿನ ಡಿಕ್ಕಿ, ಟ್ರ್ಯಾಕ್ಟರಿನ ಟೂಲ್ ಬಾಕ್ಸ್ ಮೂರೂ ಬೇಡ. ನೈಟ್ರೋಗ್ಲಿಸರಿನ್ ಮಾತ್ರೆ ಬಿಸಿಗೆ, ಗಾಳಿಗೆ ಆವಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ಬಂದ ಗಾಜಿನ ಬಾಟಲಿಯಲ್ಲೇ ಇಟ್ಟು ಮುಚ್ಚಳ ಬಿಗಿಯಾಗಿ ಹಾಕಬೇಕು. ಪ್ಲಾಸ್ಟಿಕ್ ಡಬ್ಬಿಗೆ, ಹತ್ತಿಯ ಜೊತೆ ಹಾಕಿಡಬಾರದು. ಸಾರ್ಬಿಟ್ರೇಟ್ ಪಟ್ಟಿ ಇದಕ್ಕಿಂತ ಗಟ್ಟಿ, ಆದರೂ ಬಿಸಿಲು, ತೇವದಿಂದ ದೂರ ಇರಲಿ. ಹೊಲಕ್ಕೆ ಹೋಗುವವರು ಊಟದ ಬುತ್ತಿಯ ಚೀಲದಲ್ಲಿ, ನೆರಳಿನಲ್ಲಿ ಇಟ್ಟುಕೊಳ್ಳಬಹುದು. ತಿಂಗಳಿಗೊಮ್ಮೆ ಅವಧಿ ಮುಗಿಯುವ ದಿನಾಂಕ ನೋಡಿ. ಮಕ್ಕಳ ಕೈಗೆ ಸಿಗದಿರಲಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯಲ್ಲಿ ಎದೆನೋವು ಬಂದರೆ?

ಈ ಊರುಗಳಿಂದ ವಿಜಯಪುರ ನಗರಕ್ಕೆ ಸುಮಾರು 45ರಿಂದ 80 ಕಿಲೋಮೀಟರ್. ಹಳ್ಳಿಗಳಿಂದಾದರೆ ಇನ್ನೂ ಹೆಚ್ಚು. ಗುಳಿಗಿ ಇಟ್ಟು, ‘ಬೆಳಿಗ್ಗೆ ನೋಡೋಣ’ ಎಂದು ಮಲಗಿದವರು ಕಳೆದುಕೊಳ್ಳುವುದು ಈ ಹೊತ್ತನ್ನೇ. ಗಡ್ಡೆ ಕರಗಿಸುವ ಇಂಜೆಕ್ಷನ್ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು ಫಲ ಕೊಡುತ್ತದೆ, 12 ಗಂಟೆ ದಾಟಿದರೆ ಸಾಮಾನ್ಯವಾಗಿ ಅದರಿಂದ ಪ್ರಯೋಜನ ಇಲ್ಲ.

ಹಿಂದೆ ಎಲ್ಲರೂ ನೇರ ದೊಡ್ಡ ಊರಿಗೇ ಗಾಡಿ ತಿರುಗಿಸುತ್ತಿದ್ದರು. ಈಗ ಯೋಚಿಸಬೇಕಾದ ಇನ್ನೊಂದು ದಾರಿ ಇದೆ. 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ‘ಹೃದಯ ಜ್ಯೋತಿ’ ಯೋಜನೆ ಶುರುಮಾಡಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಹೃದ್ರೋಗ ಕೇಂದ್ರದ ತಜ್ಞರು ದೂರದಿಂದಲೇ ನೋಡುತ್ತಾರೆ. ಹೃದಯಾಘಾತ ಖಚಿತವಾಗಿ, ರೋಗಿಗೆ ಕೊಡಬಹುದು ಎಂದಾದರೆ, ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಯೋಜನೆ ಹಂತಹಂತವಾಗಿ ತಾಲೂಕುಗಳಿಗೆ ಬರುತ್ತಿರುವುದರಿಂದ ಎಲ್ಲರೂ ಆರಾಮಾಗಿರುವಾಗಲೇ ಒಂದು ಕೆಲಸ ಮಾಡಿ. ನಿಮ್ಮ ತಾಲೂಕು ಆಸ್ಪತ್ರೆಗೆ ಹೋಗಿ ಎರಡು ಪ್ರಶ್ನೆ ಕೇಳಿ: “ರಾತ್ರಿ ಬಂದರೂ ಇಸಿಜಿ ಮಾಡ್ತೀರೇನ್ರಿ? ಹೃದಯ ಜ್ಯೋತಿ ಇಂಜೆಕ್ಷನ್ ಇಲ್ಲಿ ಇದೆಯೇನ್ರಿ?” ಉತ್ತರವನ್ನು ಊರಿನ ಗ್ರೂಪಿನಲ್ಲಿ ಹಾಕಿ.

ಲಕ್ಷಣಗಳೂ ನೆನಪಿರಲಿ: ಎದೆಯ ನಡುವೆ ಕಲ್ಲು ಇಟ್ಟಂತೆ ಒತ್ತುವುದು, ಎಡಗೈ, ದವಡೆ, ಬೆನ್ನಿಗೆ ಹರಡುವ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ದಮ್ಮು ಬರಬಹುದು. ರೋಗಿಯನ್ನು ನಡೆಸಬೇಡಿ, ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ. 108 ಬರುವವರೆಗೆ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ಅವರು ದಿನವೂ ತೆಗೆದುಕೊಳ್ಳುವ ಎಲ್ಲಾ ಮಾತ್ರೆಗಳನ್ನು, ಹಳೆಯ ಚೀಟಿಗಳನ್ನು ಒಂದು ಚೀಲದಲ್ಲಿ ಹಾಕಿ ಜೊತೆಗೆ ಕಳಿಸಿ.

ಹಳೆಯ ಫಾರ್ವರ್ಡ್ ಬದಲು ಇದನ್ನು ಕಳಿಸಿ

“ಎದೆನೋವು, ಬೆವರು, ಉಸಿರು ಕಟ್ಟುವುದು ಕಂಡರೆ ಮೊದಲು 108. ಹತ್ತಿರದ ಆಸ್ಪತ್ರೆಯಲ್ಲಿ ಕೂಡಲೇ ಇಸಿಜಿ. ಸಾರ್ಬಿಟ್ರೇಟ್ ಹೃದಯಾಘಾತದ ಗಡ್ಡೆ ಕರಗಿಸುವುದಿಲ್ಲ. ವೈದ್ಯರು ಬರೆದುಕೊಟ್ಟವರು ಮಾತ್ರ, ಕೂತುಕೊಂಡು, ನಾಲಿಗೆ ಕೆಳಗೆ ಇಡಬೇಕು. ಒಬ್ಬರ ಗುಳಿಗಿ ಇನ್ನೊಬ್ಬರಿಗೆ ಬೇಡ. ಲೈಂಗಿಕ ಶಕ್ತಿಯ ಮಾತ್ರೆ ತಿಂದಿದ್ದರೆ ಮುಟ್ಟಲೇಬಾರದು, ವೈದ್ಯರಿಗೆ ಹೇಳಬೇಕು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ ಕಾಯಬೇಡಿ.”

ಈ ಲೇಖನ ತಿಳಿವಳಿಕೆಗಾಗಿ. ನಿಮ್ಮ ಮಾತ್ರೆ, ಅದರ ಪ್ರಮಾಣ ಮತ್ತು ಹೊತ್ತನ್ನು ನಿಮ್ಮ ವೈದ್ಯರನ್ನು ಕೇಳಿಯೇ ತೀರ್ಮಾನಿಸಿ.